ಜೇನುನೊಣಕ್ಕೆ ಪ್ರಶ್ನೆ ಕೇಳುವ ಬಗೆ

ನಮ್ಮಲ್ಲಿ ಎರಡು ಗಾದೆಗಳುಂಟು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಒಂದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ಎಷ್ಟು ಕಲಿಸಿದರೂ ಫಲವಿಲ್ಲ. ಎರಡನೆಯದನ್ನು ನಂಬಿದರೆ ಎಲ್ಲವೂ ಕಲಿಸಿದವರ ಕೈಯಲ್ಲಿದೆ. ಪಟ್ಟಂನಲ್ಲಾಗಲಿ ಎರ್ನಾಕುಳದಲ್ಲಾಗಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಲ್ಲಿ ಈ ಎರಡು ಗಾದೆಗಳೂ ಒಂದೇ ದಿನ, ಒಂದೇ ಮಗುವಿನ ವಿಷಯದಲ್ಲಿ ಕೇಳಿಬರುವುದುಂಟು. ಮಗ ಮಲಯಾಳವನ್ನು ಬೀದಿಯಲ್ಲಿಯೇ ಕಲಿತು ಬಂದರೆ ‘ಭಾಷೆ ಅವನಿಗೆ ಹುಟ್ಟಿನಿಂದಲೇ ಬಂದದ್ದು’ ಎಂದು ಹಿಗ್ಗುತ್ತೇವೆ. ಅದೇ ಮಗ ಕನ್ನಡದ ಕಾಗುಣಿತದಲ್ಲಿ ತಡವರಿಸಿದರೆ ‘ಚಿಕ್ಕಂದಿನಲ್ಲೇ ಬಗ್ಗಿಸಬೇಕಾಗಿತ್ತು’ ಎಂದು ಒಬ್ಬರನ್ನೊಬ್ಬರು ದೂರುತ್ತೇವೆ.

ಒಂದು ಜೀವಿ ಹುಟ್ಟುವಾಗ ಏನನ್ನು ತಂದಿರುತ್ತದೆ, ಬದುಕಿನಿಂದ ಏನನ್ನು ಪಡೆಯುತ್ತದೆ ಎಂಬುದನ್ನು ವಾದದಿಂದ ಬಗೆಹರಿಸಲಾಗದು. ಆ ಜೀವಿಯನ್ನೇ ಕೇಳಿ ನೋಡಬೇಕು. ಆದರೆ ಮಾತು ಬಾರದ ಪ್ರಾಣಿಯನ್ನು ಕೇಳುವುದು ಹೇಗೆ? ಪ್ರಾಣಿಗಳ ನಡತೆಯನ್ನು ಅಭ್ಯಸಿಸುವ ಶಾಸ್ತ್ರಜ್ಞರು ನೂರು ವರ್ಷಗಳಿಗೂ ಮೇಲ್ಪಟ್ಟು ಈ ವಿದ್ಯೆಯನ್ನು ರೂಢಿಸಿಕೊಂಡು ಬಂದಿರುವರು. ತಿರುವನಂತಪುರದಿಂದ ಪೊನ್ಮುಡಿಗೆ ಹೋಗುವ ದಾರಿಯಲ್ಲಿ ವಿತುರ ಎಂಬ ಊರಿದೆ. ಅಲ್ಲಿರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯವರು, ಅಂದರೆ ಜನ ‘ಐಸರ್’ ಎಂದು ಕರೆಯುವ ಸಂಸ್ಥೆಯವರು, ಈ ಪ್ರಶ್ನೆಯನ್ನು ನಮ್ಮ ಜೇನುನೊಣಗಳಿಗೆ ಕೇಳಿದ್ದಾರೆ. ಅವರು ಕೇಳಿದ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕುದುರೆ ಕಲಿಸಿದ ಪಾಠ

ಮೊದಲು, ಪ್ರಶ್ನೆ ಕೆಟ್ಟರೆ ಉತ್ತರ ಹೇಗೆ ಕೆಡುತ್ತದೆ ಎಂಬುದನ್ನು ನೋಡೋಣ. ಸುಮಾರು 1904ರಲ್ಲಿ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯ ಕೀರ್ತಿ ಎಲ್ಲೆಡೆ ಹಬ್ಬಿತ್ತು. ಅದರ ಒಡೆಯ ಫಾನ್ ಓಸ್ಟೆನ್ ಎಂಬುವರು ನಿವೃತ್ತ ಉಪಾಧ್ಯಾಯರು. ಲೆಕ್ಕ ಕೇಳಿದರೆ ಕುದುರೆ ಗೊರಸಿನಿಂದ ನೆಲವನ್ನು ತಟ್ಟಿ ಉತ್ತರ ಹೇಳುತ್ತಿತ್ತು. ಒಡೆಯರಲ್ಲಿ ಮೋಸವಿರಲಿಲ್ಲ. ಓಸ್ಕರ್ ಫುಂಗ್ಸ್ಟ್ ಎಂಬ ವಿದ್ವಾಂಸರು ಕುದುರೆಯನ್ನು ಪರೀಕ್ಷಿಸಿ 1907ರಲ್ಲಿ ಗುಟ್ಟನ್ನು ಬಯಲಿಗೆ ತಂದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ! ಕೇಳಿದವರು ಕಣ್ಣಿಗೆ ಕಾಣದಿದ್ದರೂ ಅಷ್ಟೆ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವರ ತಲೆ ಅರಿವಿಲ್ಲದೆಯೇ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದನ್ನು ಕಂಡು ಕುದುರೆ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಅದು ಕಲಿತದ್ದು ಲೆಕ್ಕವನ್ನಲ್ಲ, ನಮ್ಮ ಮುಖವನ್ನು.

ಇದರಿಂದ ಹೊರಟ ನಿಯಮವು ಇಂದಿಗೂ ಎಲ್ಲ ಪ್ರಯೋಗಶಾಲೆಗಳಿಗೂ ಸಲ್ಲುತ್ತದೆ. ನಾವು ಯಾವ ಉತ್ತರವನ್ನು ಬಯಸುತ್ತೇವೆ ಎಂಬುದು ಪ್ರಾಣಿಗೆ ತಿಳಿಯಕೂಡದು. ಸಾಧ್ಯವಾದರೆ ಎಣಿಸುವವರಿಗೂ ತಿಳಿಯಕೂಡದು.

ಬೂದಿಬಣ್ಣದ ಕಾಗದಗಳು

ಇನ್ನು ಜೇನಿಗೆ ಬರೋಣ. ಅದಕ್ಕೆ ಬಣ್ಣ ಕಾಣಿಸುತ್ತದೆಯೆ ಎಂಬುದೇ ಒಂದು ಕಾಲಕ್ಕೆ ದೊಡ್ಡ ಜಗಳವಾಗಿತ್ತು. ಕಾರ್ಲ್ ಫಾನ್ ಹೆಸ್ ಎಂಬ ಹೆಸರಾಂತ ಕಣ್ಣಿನ ವೈದ್ಯರು ಜೇನಿಗೆ ಬಣ್ಣ ಕಾಣದೆಂದು ಸಾರಿದ್ದರು. ತರುಣ ಶಾಸ್ತ್ರಜ್ಞ ಕಾರ್ಲ್ ಫಾನ್ ಫ್ರಿಶ್ ಒಪ್ಪಲಿಲ್ಲ. ಜೇನನ್ನು ನೀಲಿ ಕಾಗದದ ಮೇಲಿಟ್ಟ ಸಕ್ಕರೆನೀರಿಗೆ ಬರುವಂತೆ ಪಳಗಿಸಬಹುದು, ನಿಜ. ಆದರೆ ಜೇನು ನೀಲಿಯನ್ನೇ ಗುರುತಿಸಿತೆಂದು ಹೇಳುವುದು ಹೇಗೆ? ಬಣ್ಣಗುರುಡಾದ ಕಣ್ಣಿಗೂ ಆ ಕಾಗದ ಒಂದು ಬಗೆಯ ಬೂದಿಬಣ್ಣವಾಗಿ ಕಂಡು, ಅದರ ಹೊಳಪನ್ನೇ ಅದು ನೆನಪಿಟ್ಟುಕೊಂಡಿರಬಹುದಲ್ಲ!

ಫಾನ್ ಫ್ರಿಶ್ ಕಂಡುಕೊಂಡ ಉಪಾಯ ಸರಳವಾದದ್ದು. ಬಿಳಿಯಿಂದ ಕಪ್ಪಿನವರೆಗೆ ಬಗೆಬಗೆಯ ಹೊಳಪಿನ ಬೂದಿಬಣ್ಣದ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನಡುವೆ ಒಂದೇ ಒಂದು ನೀಲಿಯನ್ನಿಟ್ಟರು. ಪ್ರತಿಯೊಂದರ ಮೇಲೂ ಗಾಜಿನ ಬಟ್ಟಲು. ಸಕ್ಕರೆನೀರು ನೀಲಿಯ ಮೇಲಿನದರಲ್ಲಿ ಮಾತ್ರ. ಜಾಗವನ್ನು ಮತ್ತೆ ಮತ್ತೆ ಬದಲಿಸಿದರು. ಕೊನೆಗೆ ಹೊಸ ಕಾಗದ, ಬರಿಯ ಬಟ್ಟಲುಗಳನ್ನಿಟ್ಟು ನೋಡಿದರೆ ಜೇನುಗಳು ನೀಲಿಗೇ ಬಂದುವು. ಕೆಂಪನ್ನಿಟ್ಟು ಕಲಿಸಿದಾಗಲೋ, ಕಡುಬೂದಿಗೂ ಕೆಂಪಿಗೂ ಭೇದವರಿಯದೆ ತಬ್ಬಿಬ್ಬಾದುವು. 1914ರ ಹೊತ್ತಿಗೆ ಈ ಜಗಳ ಹೆಚ್ಚುಕಡಮೆ ತೀರಿತು. ಜೇನಿನ ಕುಣಿತದ ಭಾಷೆಯನ್ನೂ ಬಿಡಿಸಿದ ಈ ಮಹನೀಯರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ‘ಕಲಿಯಬಲ್ಲುದು’ ಎಂಬುದು ಒಂದು ಮಾತು; ‘ಯಾವುದನ್ನು ಬೇಗ ಕಲಿಯುತ್ತದೆ’ ಎಂಬುದು ಬೇರೊಂದು ಮಾತು. ಜರ್ಮನಿಯ ರಾಂಡಾಲ್ಫ್ ಮೆಂಟ್ಸೆಲ್ 1967ರಲ್ಲಿ ಯೂರೋಪಿನ ಜೇನುನೊಣಗಳಿಗೆ ಒಂದೊಂದೇ ಬಣ್ಣವನ್ನು ಕಲಿಸಿ ವೇಗವನ್ನು ಅಳೆದರು. ನೇರಳೆಯನ್ನು ಅವು ಎಲ್ಲಕ್ಕಿಂತ ಬೇಗ ಕಲಿತುವು. ನೀಲಿಮಿಶ್ರಿತ ಹಸಿರನ್ನು ಎಲ್ಲಕ್ಕಿಂತ ನಿಧಾನವಾಗಿ ಕಲಿತುವು. ಬಹುಮಾನ ಒಂದೇ, ಶಾಲೆ ಒಂದೇ. ಪಾಠದಿಂದ ಪಾಠಕ್ಕೆ ಮಾತ್ರ ವೇಗ ಬೇರೆ. ಅಂದ ಮೇಲೆ ಕಲಿಯುವ ಮನಸ್ಸು ಎಲ್ಲ ಕಡೆಗೂ ಸಮನಾಗಿ ತೆರೆದಿಲ್ಲ. ಅದಕ್ಕೊಂದು ವಾಲು ಇದೆ. ಈ ವಾಲನ್ನೇ ನಾವು ಕಲಿಯುವ ಒಲವು ಎಂದು ಕರೆಯೋಣ.

ವಿತುರದವರ ಪರೀಕ್ಷೆ

ಯೂರೋಪಿನ ಹೂಗಳೇ ಬೇರೆ, ನಮ್ಮ ಕಾಡುಮೇಡಿನ ಹೂಗಳೇ ಬೇರೆ. ಹೀಗಿರಲು ನಮ್ಮ ಜೇನಿನ ಒಲವೂ ಬೇರೆಯಿರಬಹುದಲ್ಲವೆ? ಐಸರ್ ಸಂಸ್ಥೆಯ ಜಿ. ಎಸ್. ಬಾಲಮುರಳಿ, ಹೇಮಾ ಸೋಮನಾಥನ್ ಇವರೂ, ಎಲಿಜಬೆತ್ ನಿಕಲ್ಸ್, ನತಾಲಿ ಹೆಂಪೆಲ್ ದ ಇಬಾರ್ರ ಎಂಬ ಇಂಗ್ಲೆಂಡಿನ ಸಂಗಡಿಗರೂ ಕೂಡಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡವು ಮೂರು ಜಾತಿಗಳು: ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನು, ಗೋಡೆಯ ಬಿರುಕಿನಲ್ಲಿ ಗೂಡು ಕಟ್ಟುವ, ಚುಚ್ಚದ ನಸರಿ ಜೇನು — ಇದನ್ನು ದಕ್ಷಿಣ ಕನ್ನಡದವರು ಮುಜಂಟಿ ಎನ್ನುತ್ತಾರೆ, ಮಲಯಾಳಿಗಳು ಇದರ ತುಪ್ಪವನ್ನು ‘ಚೆರುತೇನ್’ ಎಂದು ಔಷಧಕ್ಕೆ ಬಳಸುತ್ತಾರೆ, ಮೂರನೆಯದು ಯೂರೋಪಿನ ಚಳಿನಾಡಿನ, ಮೈತುಂಬ ರೋಮವಿರುವ ಬಂಬಲ್ ಜೇನು.

ಇಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಹುಟ್ಟಿನ ಒಲವನ್ನು ತಿಳಿಯಬೇಕಾದರೆ ಜೇನು ಹೂವನ್ನೇ ಕಂಡಿರಬಾರದು. ತೋಟದ ಹೂಗಳು ಅದಕ್ಕೆ ಆಗಲೇ ಪಾಠ ಹೇಳಿಬಿಟ್ಟಿರುತ್ತವೆ. ಆದುದರಿಂದ ಬಣ್ಣವರಿಯದ ಎಳೆಯ ಜೇನುಗಳನ್ನೂ, ದೊಡ್ಡ ಬಲೆಮನೆಗಳಲ್ಲಿ ಬಹುಕಾಲ ಮುಚ್ಚಿಟ್ಟ ಗೂಡುಗಳ ಜೇನುಗಳನ್ನೂ ಬಳಸಿದರು. ಆದರೆ ಏನೂ ಅರಿಯದ ಜೇನನ್ನು ತಂದು ಬಣ್ಣದ ಮುಂದೆ ಬಿಟ್ಟರೆ ಅದು ಸುಮ್ಮನೆ ಹಾರಾಡಿ ಗೋಡೆಗೆ ಅಂಟಿ ಕುಳಿತೀತು. ಅದಕ್ಕೆ ಆಹಾರ ಹುಡುಕುವ ಮನಸ್ಸೇ ಬಂದಿರುವುದಿಲ್ಲ. ಮನಸ್ಸು ಬರಿಸಲು ಸಕ್ಕರೆನೀರು ಕೊಡಬೇಕು. ಯಾವುದಾದರೂ ಬಣ್ಣದ ಮೇಲಿಟ್ಟು ಕೊಟ್ಟರೆ ಆ ಬಣ್ಣವನ್ನು ಕಲಿಸಿದಂತಾಯಿತು! ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂಥ ಸ್ಥಿತಿ.

ಬಿಡಿಸಿಕೊಂಡದ್ದು ಮತ್ತೆ ಬೂದಿಬಣ್ಣದಿಂದಲೇ. ಕಪ್ಪು ತಟ್ಟೆಯೊಂದರ ಮೇಲೆ ಎಂಟು ಸ್ಥಾನಗಳಲ್ಲಿ, ಯಾವ ಬಣ್ಣದ ಕಡೆಗೂ ವಾಲದ ಬೂದಿ ಗುರುತುಗಳನ್ನು ಮೂರು ಮೂರಾಗಿ, ಗೊತ್ತುಗುರಿಯಿಲ್ಲದ ಕ್ರಮದಲ್ಲಿ ಇಟ್ಟು ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿದರು. ‘ಈ ತಟ್ಟೆಯಲ್ಲಿ ಆಹಾರ ಸಿಗುತ್ತದೆ’ ಎಂಬಷ್ಟನ್ನು ಜೇನು ಕಲಿಯಿತು. ಬಣ್ಣವನ್ನು ಕಲಿಯಲಿಲ್ಲ, ಜಾಗವನ್ನೂ ಕಲಿಯಲಿಲ್ಲ. ಬಳಿಕ ಎಂಟು ಬಣ್ಣಗಳನ್ನಿಟ್ಟರು. ಈಗ ಎಲ್ಲಿಯೂ ಸಕ್ಕರೆನೀರಿಲ್ಲ. ಇದ್ದಿದ್ದರೆ ಪರೀಕ್ಷೆಯೇ ಪಾಠವಾಗಿಬಿಡುತ್ತಿತ್ತು. ಜೇನು ಯಾವ ಬಣ್ಣಕ್ಕೆ ಎಷ್ಟು ಸಲ ಹೋಯಿತೆಂಬುದನ್ನು ವೀಡಿಯೊ ಯಂತ್ರ ದಾಖಲಿಸಿತು. ಕುದುರೆಯ ಕಥೆಯನ್ನು ಓದಿದ ವಾಚಕರಿಗೆ, ಹಾರಾಡುವ ಜೇನನ್ನು ಬರಿಗಣ್ಣಿನ ನಂಬಿಕೆಯ ಮೇಲೆ ಬಿಡಲಿಲ್ಲವೇಕೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರವೇನು ಬಂತು? ಯಾವ ಜೇನೂ ಒಂದೇ ಬಣ್ಣಕ್ಕೆ ಜೋತುಬೀಳಲಿಲ್ಲ. ಎಲ್ಲ ಬಣ್ಣಗಳನ್ನೂ ಸುತ್ತಿ ನೋಡಿದುವು. ಆದರೆ ಏನನ್ನೂ ಕಲಿಯದ ತುಡುವೆ ಜೇನು ಉದ್ದ ಅಲೆಯ ಬೆಳಕಿನ, ಅಂದರೆ ಕಾಮನಬಿಲ್ಲಿನಲ್ಲಿ ನೀಲಿ-ನೇರಳೆಗಳಿಗೆ ಎದುರು ಕಡೆಯ ಬಣ್ಣಗಳನ್ನು ಹೆಚ್ಚು ಪರೀಕ್ಷಿಸಿತು. ಚಳಿನಾಡಿನ ಬಂಬಲ್ ಜೇನೂ ಹಾಗೆಯೇ ಮಾಡಿತು! ನೆರೆಮನೆಯಂತೆ ಒಂದೇ ನಾಡಿನಲ್ಲಿ ಬಾಳುವ ನಸರಿಯೇ ಇವೆರಡಕ್ಕಿಂತ ಬೇರೆಯಾಯಿತು. ಬಿಸಿನಾಡು, ಚಳಿನಾಡು ಎಂಬ ವಿಂಗಡಣೆ ಇಲ್ಲಿ ಸಾಲಲಿಲ್ಲ. ಒಂದೇ ತೋಟದ ಹೂಗಳನ್ನು ಜಾತಿಗಳು ತಮ್ಮತಮ್ಮೊಳಗೆ ಹಂಚಿಕೊಂಡು ಬಾಳುವುದೇ ಈ ಭೇದಕ್ಕೆ ಕಾರಣವಿರಬಹುದೆಂದು ಅವರು ಸೂಚಿಸಿದರು.

ಇನ್ನೂ ಮುಖ್ಯವಾದದ್ದು ಮುಂದಿನ ಮಾತು. ಮಾಸಲು ಹಳದಿಯೊಂದರ ಮೇಲೆ ಸ್ವಲ್ಪ ಕಾಲ ಸಕ್ಕರೆನೀರು ಕೊಟ್ಟದ್ದೇ ತಡ, ಜೇನುಗಳ ಆಯ್ಕೆ ಆ ಕಡೆಗೆ ಸರಿಯಿತು. ಹುಟ್ಟಿನಿಂದ ಬಂದ ಒಲವು ಕೆಲವು ಗುಟುಕು ಸಕ್ಕರೆನೀರಿನ ಮುಂದೆ ಹಿಂದೆಗೆಯಿತು. ಒಲವೆಂದರೆ ಹಣೆಯ ಬರಹವಲ್ಲ. ಅನುಭವವಿಲ್ಲದಾಗ ಮೊದಲ ಹೆಜ್ಜೆಯನ್ನು ಯಾವ ಕಡೆಗೆ ಇಡಬೇಕೆಂದು ಹೇಳುವ ಕೈಮರ.

ಕೇರಳದ ತುಡುವೆ ಜೇನು ಇದನ್ನು ಬಯಲಿನಲ್ಲಿಯೂ ತೋರಿಸಿದೆ ಎನ್ನಬಹುದು. ರಬ್ಬರ್ ಗಿಡ ಬ್ರೆಜಿಲ್ ದೇಶದ್ದು. ಇಲ್ಲಿ ವ್ಯಾಪಾರಕ್ಕಾಗಿ ಮೊದಲ ರಬ್ಬರ್ ತೋಟ ಎದ್ದದ್ದು 1902ರಲ್ಲಿ, ಪೆರಿಯಾರ್ ದಡದ ತಟ್ಟೇಕ್ಕಾಡಿನಲ್ಲಿ. ಇಂದು ಕೇರಳದ ಜೇನುತುಪ್ಪದ ದೊಡ್ಡ ಪಾಲು ರಬ್ಬರ್ ತೋಟಗಳಿಂದ ಬರುತ್ತದೆ. ಅದೂ ಹೂವಿನಿಂದಲ್ಲ! ಜನವರಿಯಿಂದ ಮಾರ್ಚಿಯವರೆಗೆ ಚಿಗುರುವಾಗ ಮೂರು ಎಲೆಗಳು ಕೂಡುವ ತೊಟ್ಟಿನ ತುದಿಯಲ್ಲಿ ಸಿಹಿರಸ ಒಸರುತ್ತದೆ. ಬಣ್ಣದ ದಳವಿಲ್ಲ, ಹೂವಿನ ರೂಪವಿಲ್ಲ; ಆದರೂ ಜೇನು ಅಲ್ಲಿಗೆ ಹೋಗುವುದನ್ನು ಕಲಿತಿದೆ.

ಇಲಿ ಮತ್ತು ಕೋತಿ

ಎಲ್ಲ ಒಲವೂ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. 1966ರಲ್ಲಿ ಅಮೆರಿಕದ ಜಾನ್ ಗಾರ್ಸಿಯ ಮತ್ತು ರಾಬರ್ಟ್ ಕೋಲಿಂಗ್ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ಈ ಶಾಸ್ತ್ರದಲ್ಲಿ ಮೈಲಿಗಲ್ಲಾಗಿದೆ. ಯಾವ ಸೂಚನೆಯನ್ನು ಯಾವ ಫಲದೊಡನೆ ಜೋಡಿಸಿದರೂ ಪ್ರಾಣಿ ಒಂದೇ ರೀತಿಯಲ್ಲಿ ಕಲಿಯುತ್ತದೆ ಎಂಬುದು ಆಗಿನ ನಂಬಿಕೆ. ಇವರು ಇಲಿಗಳಿಗೆ ಸಿಹಿನೀರು ಕೊಟ್ಟರು. ನಾಲಿಗೆ ತಾಗಿಸಿದಾಗಲೆಲ್ಲ ದೀಪ ಮಿನುಗಿ ಸದ್ದಾಗುವಂತೆಯೂ ಮಾಡಿದರು. ರುಚಿ, ಬೆಳಕು, ಸದ್ದು ಎಲ್ಲವೂ ಒಟ್ಟಿಗೆ. ಕೆಲವು ಇಲಿಗಳಿಗೆ ಬಳಿಕ ಹೊಟ್ಟೆ ತೊಳಸುವಂತೆ ಮಾಡಿದರು. ಕೆಲವಕ್ಕೆ ಕಾಲಿಗೆ ವಿದ್ಯುತ್ತಿನ ಪೆಟ್ಟು. ಆಮೇಲೆ ಸೂಚನೆಗಳನ್ನು ಬೇರೆಬೇರೆ ಮಾಡಿ ನೋಡಿದರು. ಹೊಟ್ಟೆ ಕೆಟ್ಟ ಇಲಿಗಳು ಸಿಹಿಯನ್ನು ಬಿಟ್ಟುವು. ದೀಪ-ಸದ್ದಿನ ನೀರಿಗೆ ಅಂಜಲಿಲ್ಲ. ಪೆಟ್ಟು ತಿಂದ ಇಲಿಗಳು ದೀಪ-ಸದ್ದಿನ ನೀರಿಗೆ ಅಂಜಿದುವು, ಸಿಹಿಯನ್ನು ಕುಡಿದುವು.

ಪ್ರಯೋಗದ ಚಮತ್ಕಾರವಿರುವುದು ಎರಡನೆಯ ಗುಂಪಿನಲ್ಲಿ. ಮೊದಲ ಗುಂಪೊಂದೇ ಇದ್ದಿದ್ದರೆ ‘ರುಚಿ ಬಲವಾದ ಸೂಚನೆ, ಬೆಳಕು ದುರ್ಬಲ, ಅಷ್ಟೆ’ ಎಂದು ಯಾರಾದರೂ ಹೇಳಬಹುದಾಗಿತ್ತು. ಎರಡನೆಯ ಗುಂಪಿನಲ್ಲಿ ಅದೇ ಬೆಳಕು ಬಲವಾಯಿತು, ಅದೇ ರುಚಿ ಸೋತಿತು. ಹೀಗೆ ಅಡ್ಡಲಾಗಿಯೂ ಉದ್ದಲಾಗಿಯೂ ಜೋಡಿಸಿ ನೋಡಿದಾಗ ಮಾತ್ರ, ಹೊಟ್ಟೆನೋವಿಗೆ ರುಚಿಯನ್ನೂ ಹೊರಗಿನ ಪೆಟ್ಟಿಗೆ ಹೊರಗಿನ ಸೂಚನೆಯನ್ನೂ ಹೊಂದಿಸುವ ಒಲವು ಇಲಿಯೊಳಗೇ ಇದೆಯೆಂದು ಸಿದ್ಧವಾಯಿತು.

ಇದೇ ಜಾಣ್ಮೆಯನ್ನು 1980ರ ದಶಕದಲ್ಲಿ ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ ಕೋತಿಗಳಿಗೆ ಅನ್ವಯಿಸಿದರು. ಪ್ರಯೋಗಶಾಲೆಯಲ್ಲಿ ಹುಟ್ಟಿ ಬೆಳೆದ ಕೋತಿಗೆ ಹಾವೆಂದರೆ ಭಯವಿಲ್ಲ. ಬೇರೊಂದು ಕೋತಿ ಹಾವಿಗೆ ಹೆದರುವುದನ್ನು ಚಿತ್ರದಲ್ಲಿ ಕಂಡರೆ ತಾನೂ ಹೆದರುವುದನ್ನು ಕಲಿಯುತ್ತದೆ. ಅದೇ ಚಿತ್ರವನ್ನು ಕತ್ತರಿಸಿ ಜೋಡಿಸಿ, ಆ ಕೋತಿ ಹೂವಿಗೆ ಹೆದರಿದಂತೆ ತೋರಿಸಿದಾಗ? ನೋಡಿದ ಕೋತಿ ಹೂವಿಗೆ ಹೆದರುವುದನ್ನು ಕಲಿಯಲಿಲ್ಲ. ಎರಡು ಚಿತ್ರಗಳಲ್ಲಿಯೂ ಭಯದ ನಟನೆ ಒಂದೇ. ಬದಲಾದದ್ದು ಎದುರಿನ ವಸ್ತು ಮಾತ್ರ. ಕೋತಿ ಹಾವಿನ ಭಯವನ್ನು ಹೊತ್ತು ಹುಟ್ಟುವುದಿಲ್ಲ. ಆ ಭಯವನ್ನು ಬೇಗ ಕಲಿಯುವ ಒಲವನ್ನು ಹೊತ್ತು ಹುಟ್ಟುತ್ತದೆ. ನಮ್ಮ ಎರಡು ಗಾದೆಗಳ ನಡುವೆ ಇಷ್ಟು ಅಗಲವಾದ ಜಾಗವಿದೆ.

ಇಲಿಗಳನ್ನು ನೋಯಿಸಿ ಪಡೆದ ಜ್ಞಾನದ ಬಗ್ಗೆ ಕೆಲವರ ಮನಸ್ಸು ಕಸಿವಿಸಿಗೊಳ್ಳುವುದು ಸಹಜ. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳಿಗೆ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಕಡಿವಾಣವಿದೆ. ಆ ಜ್ಞಾನ ಮನುಷ್ಯರ ನೋವನ್ನು ಕಡಮೆ ಮಾಡಿದ್ದೂ ಉಂಟು. ಕ್ಯಾನ್ಸರ್ ಚಿಕಿತ್ಸೆಯ ಔಷಧಿಯಿಂದ ವಾಂತಿಯಾಗುವ ಮಕ್ಕಳು, ಔಷಧಿಗೆ ಮೊದಲು ತಿಂದ ಪದಾರ್ಥವನ್ನು ಬಳಿಕ ದೂರ ತಳ್ಳುತ್ತಾರೆಂದು 1978ರಲ್ಲಿ ಅಮೆರಿಕದ ಐಲೀನ್ ಬರ್ನ್‌ಸ್ಟೈನ್ ತೋರಿಸಿಕೊಟ್ಟರು. ಮಗುವಿನದು ಹಟವಲ್ಲ, ಗಾರ್ಸಿಯನ ಇಲಿಗಳಿಗಾದದ್ದೇ ಅದಕ್ಕೂ ಆಗಿದೆ. ಊಟಕ್ಕೂ ಔಷಧಿಗೂ ನಡುವೆ ಅಪರಿಚಿತ ರುಚಿಯ ಮಿಠಾಯಿಯೊಂದನ್ನು ಕೊಟ್ಟರೆ ಹೇಸಿಗೆ ಬಹಳಮಟ್ಟಿಗೆ ಆ ಮಿಠಾಯಿಗೆ ಅಂಟಿಕೊಂಡು, ದಿನದ ಊಟ ಉಳಿಯುತ್ತದೆ ಎಂಬುದನ್ನೂ ಮುಂದೆ 1987ರಲ್ಲಿ ತೋರಿಸಿದರು. ಜ್ವರ ಬಂದಾಗ ತಿಂದು ಕಾರಿಕೊಂಡ ಉಪ್ಪಿಟ್ಟನ್ನು ವರ್ಷಗಟ್ಟಲೆ ಮುಟ್ಟದ ಮಗು ನಮ್ಮ ಮನೆಗಳಲ್ಲಿಯೂ ಇರುವುದಲ್ಲವೆ? ಅದನ್ನು ಬೈದು ಪ್ರಯೋಜನವಿಲ್ಲ.

ಎರಡು ತಟ್ಟೆಗಳು

ಜೇನಿನ ಪರೀಕ್ಷೆಯಿಂದ ಮಕ್ಕಳ ಮೇಲೆ ನೇರವಾಗಿ ತೀರ್ಪು ಕೊಡುವುದು ಸಲ್ಲದು. ಆದರೆ ಪ್ರಶ್ನೆ ಕೇಳುವ ಶಿಸ್ತನ್ನು ನಾವು ಕಡ ತರಬಹುದು. ‘ಇವನಿಗೆ ಮಲಯಾಳ ಹತ್ತುತ್ತದೆ, ಕನ್ನಡ ಹತ್ತದು’ ಎನ್ನುವ ಮೊದಲು ಎರಡು ತಟ್ಟೆಗಳಲ್ಲಿಯೂ ಒಂದೇ ಸಮನಾಗಿ ಸಕ್ಕರೆನೀರಿತ್ತೆ ಎಂದು ಕೇಳಿಕೊಳ್ಳಬೇಕು. ಮಲಯಾಳದ ತಟ್ಟೆಯಲ್ಲಿ ಗೆಳೆಯರಿದ್ದಾರೆ, ಆಟವಿದೆ, ಸಿನಿಮಾ ಇದೆ. ಕನ್ನಡದ ತಟ್ಟೆಯಲ್ಲಿ ಭಾನುವಾರದ ಕಾಪಿ, ತಪ್ಪಿದರೆ ಬೈಗುಳ. ನೆಂಟರ ಮುಂದೆ ನಿಲ್ಲಿಸಿ ‘ಓದು ನೋಡೋಣ’ ಎಂದರೆ ಪರೀಕ್ಷೆಯಾಗುವುದು ಕನ್ನಡವಲ್ಲ, ಸಭಾಕಂಪ. ತಾಯಿಯ ಹುಬ್ಬು ಗಂಟಿಕ್ಕುವುದನ್ನು ನೋಡುತ್ತ ಅಕ್ಷರ ಹೇಳುವ ಮಗು, ಬರ್ಲಿನ್ನಿನ ಕುದುರೆಯಂತೆ, ಅಕ್ಷರವನ್ನು ಬಿಟ್ಟು ಹುಬ್ಬನ್ನು ಓದುತ್ತಿರಬಹುದು. ಮಕ್ಕಳಲ್ಲಿ ಒಲವಿನ ಭೇದ ಇಲ್ಲವೆಂದಲ್ಲ. ಆದರೆ ತಟ್ಟೆಗಳನ್ನು ಸಮ ಮಾಡದೆ ಕೊಟ್ಟ ತೀರ್ಪು ಮಗುವಿನದಲ್ಲ, ನಮ್ಮದು.

ಮಕ್ಕಳಿಗೊಂದು ರಜೆಯ ಕೆಲಸ

ಇಂಥ ಕೆಲಸಕ್ಕೆ ದೊಡ್ಡ ಯಂತ್ರಗಳೇ ಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಅವರು ಅಲ್ಪ ವೆಚ್ಚದಲ್ಲಿ ಮಾಡಬಹುದಾದ ಪ್ರಾಣಿನಡತೆಯ ಪ್ರಯೋಗಗಳ ಬಗ್ಗೆ 2021ರಲ್ಲಿ ಒಂದು ಇಂಗ್ಲಿಷ್ ಪುಸ್ತಕವನ್ನೇ ಹೊರತಂದಿದ್ದಾರೆ. ಫಾನ್ ಫ್ರಿಶ್ ಮಾಡಿದ್ದನ್ನು ನಮ್ಮ ಮಕ್ಕಳು ತುಳಸಿಕಟ್ಟೆಯ ಬಳಿಯಲ್ಲಿಯೇ ಮಾಡಿ ನೋಡಬಹುದು.

ಒಂದೇ ಅಳತೆಯ ನಾಲ್ಕು ಮುಚ್ಚಳಗಳು. ಒಂದರ ಕೆಳಗೆ ನೀಲಿ ಕಾಗದ, ಮೂರರ ಕೆಳಗೆ ಪೆನ್ಸಿಲಿನಿಂದ ತಿಳಿಯಾಗಿ, ನಡುತರವಾಗಿ, ಕಡುವಾಗಿ ಬಳಿದ ಬೂದಿ ಕಾಗದ. ನೀಲಿಯ ಮೇಲೆ ಸಕ್ಕರೆನೀರು, ಉಳಿದವುಗಳಲ್ಲಿ ಬರಿಯ ನೀರು. ಇರುವೆ ಹತ್ತದಂತೆ ಎಲ್ಲವನ್ನೂ ನೀರು ತುಂಬಿದ ಹರಿವಾಣದ ನಡುವೆ ಮಣೆಯ ಮೇಲಿಡಿ. ಅಂಗಡಿಯ ಜೇನುತುಪ್ಪವನ್ನು ಇಡಬೇಡಿ. ಅದರಿಂದ ಜೇನುಗಳಿಗೆ ರೋಗ ಹರಡಬಹುದು. ಜೇನು ಬರುವುದಕ್ಕೆ ಒಂದೆರಡು ದಿನ ಕಾಯಬೇಕಾದೀತು. ಬರತೊಡಗಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಕೊನೆಗೆ ಹೊಸ ಕಾಗದ, ತೊಳೆದ ಮುಚ್ಚಳ, ಎಲ್ಲದರಲ್ಲಿಯೂ ಬರಿಯ ನೀರು. ಸಕ್ಕರೆನೀರು ಯಾವುದರಲ್ಲಿತ್ತೆಂದು ತಿಳಿಯದ ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿ ಐದು ನಿಮಿಷ ಎಣಿಸಲು ಹೇಳಿ. ದೊಡ್ಡವರೊಬ್ಬರು ಜೊತೆಗಿರಲಿ, ಜೇನು ಚುಚ್ಚಿದರೆ ಮೈಗೆ ಒಗ್ಗದವರು ದೂರವಿರಲಿ, ಹೆಜ್ಜೇನಿನ ಹುಟ್ಟಿರುವ ಕಡೆ ಈ ಆಟ ಬೇಡವೇ ಬೇಡ.

ಇದರಿಂದ ಜೇನು ಬಣ್ಣವನ್ನು ಕಲಿಯುವುದು ತಿಳಿಯುತ್ತದೆ. ಅದರ ಹುಟ್ಟಿನ ಒಲವು ತಿಳಿಯದು. ಏಕೆಂದರೆ ಅಂಗಳದ ಜೇನು ಆಗಲೇ ನೂರಾರು ಹೂಗಳ ಶಾಲೆಯಲ್ಲಿ ಓದಿ ಬಂದದ್ದು. ಈ ಭೇದವನ್ನು ಮಗು ತಾನಾಗಿ ಕೇಳಿದರೆ ಪ್ರಯೋಗ ಗೆದ್ದಂತೆ. ಎಣಿಕೆಯ ಕಾಗದಗಳನ್ನು, ಅಜ್ಜಿಯ ಷರಾ ಇದ್ದರೆ ಅದನ್ನೂ ಸೇರಿಸಿ, ಮುಂದಿನ ಸಂಚಿಕೆಗಾಗಿ ಕಳುಹಿಸಿದರೆ ನಮಗೆ ಸಂತೋಷ. ಕನ್ನಡದಲ್ಲಿ ಬರೆದಿರಲಿ, ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ.